ಹಳೆಯ ಧ್ವನಿಪರಿಣಾಮಗಳು: ವಿದ್ಯಾರ್ಥಿಗಳಿಗೆ ತೆರೆದಿರುವ ಭಂಡಾರಗಳು

ಚಲನಚಿತ್ರ, ನಾಟಕ, ರೇಡಿಯೊ ರೂಪಕಗಳಲ್ಲಿ ಮಾತು ಮತ್ತು ಸಂಗೀತವನ್ನು ಬಿಟ್ಟು ಕಿವಿಗೆ ಬೀಳುವ ಉಳಿದ ಸದ್ದುಗಳಿಗೆ ಧ್ವನಿಪರಿಣಾಮ ಎಂದು ಹೆಸರು. ಸ್ಟುಡಿಯೊಗಳಲ್ಲಿ ಕೆಲಸ ಮಾಡುವವರು ಇದಕ್ಕೆ ‘ಎಫೆಕ್ಟ್ಸ್’ ಎಂದಷ್ಟೇ ಹೇಳುತ್ತಾರೆ. ಬಾಗಿಲು ಕಿರುಗುಟ್ಟುವುದು, ಕುದುರೆಯ ಗೊರಸು, ದೂರದ ಗುಡುಗು, ಬೆರಳಚ್ಚು ಯಂತ್ರದ ಟಕಟಕ ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. ಕಿರುಚಿತ್ರ, ಪಾಡ್‌ಕಾಸ್ಟ್, ಬಾನುಲಿ ನಾಟಕ ತಯಾರಿಸುವ ವಿದ್ಯಾರ್ಥಿಗೆ ಹಳೆಯ ಕಾಲದ ಸದ್ದು ಬೇಕಾದಾಗ ಹಿಂದೆ ಇದ್ದ ದಾರಿಗಳು ಎರಡೇ: ದುಬಾರಿ ಎಫೆಕ್ಟ್ಸ್ ತಟ್ಟೆಗಳನ್ನು ಕೊಳ್ಳುವುದು, ಇಲ್ಲವೇ ಯಾರದೋ ಚಿತ್ರದಿಂದ ಕದಿಯುವುದು. ದೊಡ್ಡ ಸಂಗ್ರಹಾಲಯಗಳು ತಮ್ಮ ಕಪಾಟುಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟ ಮೇಲೆ ಈ ಸ್ಥಿತಿ ಬದಲಾಗಿದೆ.

ಹುಡುಕಾಟಕ್ಕೆ ಮೊದಲು ಎರಡು ವ್ಯತ್ಯಾಸಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಹಳೆಯ ಮುದ್ರಣ ಬೇರೆ, ಹಳೆಯ ವಸ್ತುವಿನ ಹೊಸ ಮುದ್ರಣ ಬೇರೆ. 1930ರಲ್ಲಿ ಮುದ್ರಿಸಿದ ಟೆಲಿಫೋನ್ ಗಂಟೆಯಲ್ಲಿ ಗಂಟೆಯ ಜೊತೆಗೆ ಆ ಕಾಲದ ಮೈಕು, ಫಿಲ್ಮು, ಕೋಣೆ ಎಲ್ಲವೂ ಸೇರಿರುತ್ತವೆ. ಅದೇ ಹಳೆಯ ಟೆಲಿಫೋನನ್ನು ಇಂದು ಮುದ್ರಿಸಿದರೆ ಗಂಟೆ ಮಾತ್ರ ಸಿಗುತ್ತದೆ, ಆದರೆ ಸ್ವಚ್ಛವಾಗಿ ಸಿಗುತ್ತದೆ. ದೃಶ್ಯದೊಳಗಿನ ರೇಡಿಯೊದಿಂದ ಹೊರಡುವ ಸದ್ದಿಗೆ ಮೊದಲನೆಯದು ಹೊಂದುತ್ತದೆ, ಪಾತ್ರದ ಪಕ್ಕದಲ್ಲೇ ಮೊಳಗುವ ಗಂಟೆಗೆ ಎರಡನೆಯದು. ಇನ್ನೊಂದು ವ್ಯತ್ಯಾಸವನ್ನು ಕನ್ನಡದ ಎರಡು ಮಾತುಗಳೇ ಚೆನ್ನಾಗಿ ಹಿಡಿದಿಡುತ್ತವೆ: ಪುಕ್ಕಟೆ ಮತ್ತು ಮುಕ್ತ. ಹಣ ಕೊಡದೆ ಇಳಿಸಿಕೊಳ್ಳಬಹುದಾದದ್ದು ಪುಕ್ಕಟೆ. ಬಳಸಲು, ಕತ್ತರಿಸಲು, ಹಂಚಲು ಅನುಮತಿ ಇರುವುದು ಮುಕ್ತ. ಅಂತರ್ಜಾಲದಲ್ಲಿ ಪುಕ್ಕಟೆ ಸದ್ದುಗಳು ಲಕ್ಷಗಟ್ಟಲೆ ಇವೆ, ಮುಕ್ತವಾದವು ಅದಕ್ಕಿಂತ ಬಹಳ ಕಡಿಮೆ.

ಸದ್ದು ಹಿಡಿದಿಟ್ಟ ಬಗೆ

ಸದ್ದನ್ನು ಮೊದಲು ಬರೆದಿಟ್ಟವನು ಫ್ರಾನ್ಸಿನ ಎದುವಾರ್-ಲಿಯೊನ್ ಸ್ಕಾಟ್ ದ ಮಾರ್ಟಿನ್‌ವಿಲ್. 1860ರಲ್ಲಿ ಅವನು ಮಸಿ ಹಿಡಿಸಿದ ಕಾಗದದ ಮೇಲೆ ಹಾಡಿನ ಕಂಪನಗಳನ್ನು ಗೆರೆಯಾಗಿ ಮೂಡಿಸಿದ. ಅದನ್ನು ಮತ್ತೆ ನುಡಿಸುವ ಉಪಾಯ ಅವನಲ್ಲಿರಲಿಲ್ಲ. 2008ರಲ್ಲಿ ಅಮೆರಿಕದ ಸಂಶೋಧಕರು ಕಂಪ್ಯೂಟರ್ ಮೂಲಕ ಆ ಗೆರೆಗಳನ್ನು ಸದ್ದಾಗಿಸಿದಾಗ ಜಗತ್ತು ಅದನ್ನು ಮೊದಲ ಬಾರಿಗೆ ಕೇಳಿತು. ಮುದ್ರಿಸಿದ್ದನ್ನು ತಿರುಗಿ ಕೇಳಿಸುವ ಯಂತ್ರ ಥಾಮಸ್ ಎಡಿಸನ್‌ನ 1877ರ ಫೋನೋಗ್ರಾಫ್.

ಪ್ರಕೃತಿಯ ಸದ್ದಿನ ಚರಿತ್ರೆ ಒಬ್ಬ ಹುಡುಗನಿಂದ ಶುರುವಾಗುತ್ತದೆ. 1889ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಎಂಟು ವರ್ಷದ ಲುಡ್ವಿಗ್ ಕೋಚ್, ತಂದೆ ತಂದುಕೊಟ್ಟ ಎಡಿಸನ್ ಯಂತ್ರದ ಮೇಣದ ಉರುಳೆಯ ಮೇಲೆ ತನ್ನ ಸಾಕುಹಕ್ಕಿಯ ಹಾಡನ್ನು ಮುದ್ರಿಸಿದ. ಹಕ್ಕಿಯ ಕಂಠದ ಅತಿ ಹಳೆಯ ಮುದ್ರಣವೆಂದು ಪ್ರಸಿದ್ಧವಾದದ್ದು ಇದು. ಪಂಜರದಲ್ಲಿದ್ದದ್ದು ಯುರೋಪಿನ ಹಕ್ಕಿಯಲ್ಲ, ಭಾರತದ ಶಾಮಾ. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಇಂದಿಗೂ ಹಾಡುವ ಉದ್ದ ಬಾಲದ ಆ ಹಕ್ಕಿಯೇ. ಕೋಚ್ ಮುಂದೆ ನಾಜಿಗಳ ಕಾಟದಿಂದ ಬ್ರಿಟನ್ನಿಗೆ ಬಂದು ಬಿಬಿಸಿಯಲ್ಲಿ ಪ್ರಕೃತಿಧ್ವನಿಯ ದೊಡ್ಡ ಸಂಗ್ರಹ ಕಟ್ಟಿದ.

ಹಳೆಯ ಮುದ್ರಣವೆಂದರೆ ಸತ್ಯದ ಮುದ್ರಣ ಎಂದು ನಂಬುವವರು 1918ರ ಒಂದು ತಟ್ಟೆಯನ್ನು ಕೇಳಬೇಕು. ಮೊದಲ ಮಹಾಯುದ್ಧದ ಕೊನೆಯ ವಾರಗಳಲ್ಲಿ ಫ್ರಾನ್ಸಿನ ಲೀಲ್ ನಗರದ ಹತ್ತಿರ ವಿಲ್ ಗೈಸ್‌ಬರ್ಗ್ ಬ್ರಿಟಿಷ್ ಫಿರಂಗಿಗಳು ವಿಷಾನಿಲದ ಗುಂಡು ಹಾರಿಸುವುದನ್ನು ಮುದ್ರಿಸಿದರೆಂದು ಹೇಳಿ ಎಚ್‌ಎಂವಿ ಕಂಪನಿ ಅದನ್ನು ಮಾರಿತು. ರಣರಂಗದ ನಿಜ ಸದ್ದು ಎಂದು ಜನ ಕೊಂಡರು. ಗುಂಡು ತುಂಬುವ, ಹಾರಿಸುವ ಸದ್ದುಗಳನ್ನು ಸ್ಟುಡಿಯೊದಲ್ಲಿ ಸೇರಿಸಿರಬೇಕೆಂದು ಇಂದಿನ ತಜ್ಞರಲ್ಲಿ ಹಲವರು ಅನುಮಾನಿಸುತ್ತಾರೆ. ಆ ಕಾಲದ ಮುದ್ರಣದಲ್ಲಿ ಮೈಕು ಇರಲಿಲ್ಲ. ಕಹಳೆಯಂಥ ಕೊಳವೆಯ ಮುಂದೆ ಆದ ಸದ್ದು ಸೂಜಿಯನ್ನು ನೇರವಾಗಿ ಅಲುಗಿಸಬೇಕಿತ್ತು, ದೂರದ ಫಿರಂಗಿ ಅಷ್ಟು ಸ್ಪಷ್ಟವಾಗಿ ಸಿಗುವುದು ಕಷ್ಟ. ವಿಲ್ ಅದೇ ವರ್ಷದ ನವೆಂಬರಿನಲ್ಲಿ ಇನ್‌ಫ್ಲುಯೆಂಜಾದಿಂದ ತೀರಿಕೊಂಡರು. ಅವರ ಅಣ್ಣ ಫ್ರೆಡ್ ಗೈಸ್‌ಬರ್ಗ್ ಹೆಸರು ನಮಗೆ ಪರಿಚಿತ: 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಕಂಠವನ್ನು ತಟ್ಟೆಗೆ ಇಳಿಸಿದವರು ಅವರೇ.

1925ರಲ್ಲಿ ವಿದ್ಯುತ್ ಮುದ್ರಣ ಬಂದ ಮೇಲೆ ಮೈಕು ಹೊರಗಿನ ಲೋಕಕ್ಕೆ ಹೋಗಬಲ್ಲದಾಯಿತು. ಅದೇ ಹೊತ್ತಿಗೆ ರೇಡಿಯೊ ನಾಟಕ ಬೆಳೆಯಿತು, 1927ರ ನಂತರ ಸಿನಿಮಾ ಮಾತನಾಡತೊಡಗಿತು. ಅಮೆರಿಕದ ಸಿಬಿಎಸ್ ರೇಡಿಯೊದಲ್ಲಿ ಓರಾ ನಿಕೋಲ್ಸ್ ಎಂಬ ಮಹಿಳೆ ಎಫೆಕ್ಟ್ಸ್ ವಿಭಾಗವನ್ನು ಮುನ್ನಡೆಸಿದರು. 1938ರಲ್ಲಿ ಕೇಳುಗರನ್ನು ಬೆಚ್ಚಿಬೀಳಿಸಿದ ಆರ್ಸನ್ ವೆಲ್ಸ್‌ರ ‘ವಾರ್ ಆಫ್ ದಿ ವರ್ಲ್ಡ್ಸ್’ ನಾಟಕದ ಸದ್ದುಗಳ ಹಿಂದೆ ಇದ್ದದ್ದು ಅವರ ತಂಡ. ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೊದಲ್ಲಿ ಜ್ಯಾಕ್ ಫೋಲಿ ಪರದೆಯ ಮೇಲಿನ ಚಿತ್ರವನ್ನು ನೋಡುತ್ತಲೇ ಹೆಜ್ಜೆ, ಬಟ್ಟೆಯ ಸರಬರ, ಕಪ್ಪು-ಬಸಿಗಳ ಸದ್ದನ್ನು ನಟನ ಚಲನೆಗೆ ಹೊಂದಿಸಿ ಮಾಡುತ್ತಿದ್ದರು. 1929ರ ‘ಶೋ ಬೋಟ್’ ಚಿತ್ರದಿಂದ ಆರಂಭವಾದ ಈ ವಿದ್ಯೆಗೆ ಅವರ ಹೆಸರೇ ನಿಂತಿತು. ನಮ್ಮ ಸ್ಟುಡಿಯೊಗಳಲ್ಲೂ ಅದು ‘ಫೋಲಿ’ಯೇ.

ಇಂಥ ಸದ್ದುಗಳನ್ನು ಒಮ್ಮೆ ಮುದ್ರಿಸಿ ಮತ್ತೆ ಮತ್ತೆ ಬಳಸುವ ರೂಢಿಯಿಂದ ಸ್ಟುಡಿಯೊಗಳ ಎಫೆಕ್ಟ್ಸ್ ಭಂಡಾರ ಹುಟ್ಟಿತು. ಅದರ ಅತಿ ಪ್ರಸಿದ್ಧ ಮಗು ಒಂದು ಚೀರು. 1951ರ ‘ಡಿಸ್ಟಂಟ್ ಡ್ರಮ್ಸ್’ ಚಿತ್ರದಲ್ಲಿ ಜೌಗಿನಲ್ಲಿ ನಡೆಯುವ ಸೈನಿಕನನ್ನು ಮೊಸಳೆ ಹಿಡಿಯುವ ದೃಶ್ಯಕ್ಕಾಗಿ ಮುದ್ರಿಸಿದ ಈ ಕೂಗನ್ನು ವಾರ್ನರ್ ಬ್ರದರ್ಸ್ ಬೇರೆ ಚಿತ್ರಗಳಿಗೂ ಹಚ್ಚಿತು. 1953ರ ಒಂದು ಚಿತ್ರದಲ್ಲಿ ಬಾಣ ತಗಲಿ ಕೂಗುವ ವಿಲ್‌ಹೆಲ್ಮ್ ಎಂಬ ಸೈನಿಕನ ಹೆಸರನ್ನು ಧ್ವನಿ ವಿನ್ಯಾಸಕ ಬೆನ್ ಬರ್ಟ್ ಅದಕ್ಕೆ ಇಟ್ಟು, 1977ರ ‘ಸ್ಟಾರ್ ವಾರ್ಸ್’ನಲ್ಲಿ ಬಳಸಿದರು. ಅಲ್ಲಿಂದ ಮುಂದೆ ‘ವಿಲ್‌ಹೆಲ್ಮ್ ಚೀರು’ ನೂರಾರು ಚಿತ್ರಗಳಿಗೆ ಹರಡಿತು.

ತೆರೆದಿರುವ ಭಂಡಾರಗಳು

ವಿದ್ಯಾರ್ಥಿ ಮೊದಲು ತಟ್ಟಬೇಕಾದ ಬಾಗಿಲು ಬಿಬಿಸಿಯದು. 2018ರಲ್ಲಿ ಸುಮಾರು 16,000 ಸದ್ದುಗಳೊಂದಿಗೆ ಸಾರ್ವಜನಿಕರಿಗೆ ತೆರೆದ ಈ ಸಂಗ್ರಹ ಬೆಳೆದು 33,000 ದಾಟಿದೆ. ಎರಡನೆಯ ಮಹಾಯುದ್ಧದ ಸೈರನ್‌ಗಳು, ಉಗಿಬಂಡಿಗಳು, ಕಾರ್ಖಾನೆಗಳು, ಅಡುಗೆಮನೆಗಳು, ಹಡಗುಗಳು, ಹಕ್ಕಿಗಳು, ದೂರದೇಶದ ಸಂತೆಗಳು ಅದರಲ್ಲಿವೆ. 1958ರಲ್ಲಿ ಸ್ಥಾಪನೆಯಾದ ಬಿಬಿಸಿ ರೇಡಿಯೋಫೋನಿಕ್ ಕಾರ್ಯಾಗಾರ ಸಿಂಥಸೈಜರ್ ಇಲ್ಲದ ಕಾಲದಲ್ಲಿ ಟೇಪು ಕತ್ತರಿಸಿ, ಅಂಟಿಸಿ ಸೃಷ್ಟಿಸಿದ ವಿಚಿತ್ರ ಸದ್ದುಗಳೂ ಇವೆ. ಕಡತಗಳು ಒತ್ತಿ ಕುಗ್ಗಿಸದ ವೇವ್ ರೂಪದಲ್ಲಿ ಸಿಗುತ್ತವೆ. ಹಳೆಯ ಸದ್ದನ್ನು ಎಂಪಿ3 ರೂಪದಲ್ಲಿ ಇಳಿಸಿಕೊಂಡು ಮತ್ತೆ ಕುಗ್ಗಿಸಿದರೆ ಮಳೆ, ಚಪ್ಪಾಳೆಗಳು ನೀರಿನಲ್ಲಿ ಅದ್ದಿದಂತೆ ಕೇಳುವುದರಿಂದ ಇದು ದೊಡ್ಡ ಅನುಕೂಲ.

ಬಿಬಿಸಿಯ ಸಂಗ್ರಹ ಪುಕ್ಕಟೆ, ಪೂರ್ಣ ಮುಕ್ತವಲ್ಲ. ಅದರ ‘ರಿಮಾರ್ಕ್’ ಪರವಾನಗಿ ಸ್ವಂತ ಬಳಕೆ, ಶಿಕ್ಷಣ ಮತ್ತು ಸಂಶೋಧನೆಗೆ ಅನುಮತಿ ಕೊಡುತ್ತದೆ, ವ್ಯಾಪಾರಕ್ಕೆ ಕೊಡುವುದಿಲ್ಲ. ತರಗತಿಯ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆದರೆ ತರಗತಿಗೆಂದು ಮಾಡಿದ ಕಿರುಚಿತ್ರ ಚೆನ್ನಾಗಿ ಬಂದು, ಅದನ್ನು ಒಟಿಟಿಯವರು ಕೊಳ್ಳಲು ಬಂದರೆ ಆಗ ಪ್ರತಿ ಸದ್ದಿಗೂ ಬೇರೆ ಅನುಮತಿ ಬೇಕಾಗುತ್ತದೆ. ಎಡಿಟಿಂಗ್ ಮುಗಿದು ಧ್ವನಿಪಟ ಒಂದಾದ ಮೇಲೆ ಯಾವ ಸದ್ದು ಎಲ್ಲಿಯದು ಎಂದು ಬೇರ್ಪಡಿಸುವುದು ಬಹಳ ಕಷ್ಟ. ಚಿತ್ರ ಹೊರಗೆ ಹೋಗಬಹುದೆಂಬ ಆಸೆ ಇದ್ದವರು ಮೊದಲ ದಿನದಿಂದಲೇ ಮುಕ್ತ ಸದ್ದುಗಳನ್ನು ಮಾತ್ರ ಆರಿಸುವುದು ಕ್ಷೇಮ.

ಹಾಲಿವುಡ್ಡಿನ ಹಳೆಯ ಸದ್ದು ಬೇಕಾದವರಿಗೆ ಒಂದು ಅಪೂರ್ವ ಸಂಗ್ರಹ ಉಳಿದು ಬಂದಿದೆ. ಸದರ್ನ್ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಿನಿಮಾ ಶಾಲೆಯಲ್ಲಿ 1930 ಮತ್ತು 40ರ ದಶಕಗಳ ಸ್ಟುಡಿಯೊ ಎಫೆಕ್ಟ್ಸ್‌ಗಳ ಆಪ್ಟಿಕಲ್ ಫಿಲ್ಮು ಪ್ರತಿಗಳೂ ಸನ್‌ಸೆಟ್ ಎಡಿಟೋರಿಯಲ್ ಎಂಬ ಕಂಪನಿಯ ಭಂಡಾರವೂ ಇದ್ದವು. ಆ ಕಾಲದ ನೈಟ್ರೇಟ್ ಫಿಲ್ಮು ಬೇಗ ಹೊತ್ತಿಕೊಳ್ಳುವ ವಸ್ತು, ಕಾಲಕ್ರಮದಲ್ಲಿ ಪುಡಿಯಾಗುತ್ತದೆ. ಮುಂದೆ ಬಂದ ಅಸಿಟೇಟ್ ಫಿಲ್ಮು ಹುಳಿವಾಸನೆ ಹೊರಡಿಸುತ್ತ ಮುದುರಿಕೊಳ್ಳುತ್ತದೆ. ಈ ಸಂಗ್ರಹವನ್ನು ಡಿಜಿಟಲ್ ರೂಪಕ್ಕೆ ತಂದು ಇಂಟರ್‌ನೆಟ್ ಆರ್ಕೈವ್ ಮತ್ತು ಫ್ರೀಸೌಂಡ್ ತಾಣಗಳಲ್ಲಿ ಎಲ್ಲರಿಗೂ ಒದಗಿಸಿದವರು ಕ್ಯಾಲ್‌ಆರ್ಟ್ಸ್ ಸಂಸ್ಥೆಯ ಕ್ರೇಗ್ ಸ್ಮಿತ್. ವಿಲ್‌ಹೆಲ್ಮ್ ಚೀರನ್ನು ಹಲವು ಬಾರಿ ಕೂಗಿ ಮುದ್ರಿಸಿದ ಮೂಲ ಟೇಕ್‌ಗಳನ್ನೂ ಈ ರಾಶಿಯಿಂದಲೇ ಅವರು ಹೆಕ್ಕಿ ತೆಗೆದರು. ಪ್ರತಿ ಸದ್ದಿನ ಮೊದಲಲ್ಲಿ ತಂತ್ರಜ್ಞರು ಗಟ್ಟಿಯಾಗಿ ಹೇಳುವ ಘೋಷಣೆಗಳು ಕೆಲವೆಡೆ ಉಳಿದಿವೆ. ಧ್ವನಿ ವಿನ್ಯಾಸ ಕಲಿಯುವವರಿಗೆ ಅವೇ ಒಂದು ಪಾಠ.

ಫ್ರೀಸೌಂಡ್ ಬಾರ್ಸಿಲೋನದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದ ಸಂಗೀತ ತಂತ್ರಜ್ಞಾನ ಗುಂಪು 2005ರಲ್ಲಿ ಆರಂಭಿಸಿದ ತಾಣ. ಜಗತ್ತಿನ ಎಲ್ಲ ಕಡೆಯ ಹವ್ಯಾಸಿಗಳು ತಾವು ಮುದ್ರಿಸಿದ ಸದ್ದನ್ನು ಇಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಇಡುತ್ತಾರೆ. ಮುಖ್ಯ ಪರವಾನಗಿಗಳು ಮೂರು. ‘ಸಿಸಿ ಜೀರೊ’ ಎಂದಿದ್ದರೆ ಯಾವ ಷರತ್ತೂ ಇಲ್ಲ. ‘ಸಿಸಿ ಬೈ’ ಎಂದಿದ್ದರೆ ಮುದ್ರಿಸಿದವರ ಹೆಸರು ಹಾಕಬೇಕು. ‘ಸಿಸಿ ಬೈ ಎನ್‌ಸಿ’ ಎಂದಿದ್ದರೆ ಹೆಸರೂ ಹಾಕಬೇಕು, ವ್ಯಾಪಾರಕ್ಕೂ ಬಳಸುವಂತಿಲ್ಲ. ಹುಡುಕುವಾಗಲೇ ಪರವಾನಗಿಯ ಜರಡಿ ಹಿಡಿಯಬಹುದು. ಹಳೆಯ ಹೊಲಿಗೆ ಯಂತ್ರ, ಗೋಡೆ ಗಡಿಯಾರ, ಚಿತ್ರ ಪ್ರದರ್ಶಿಸುವ 16 ಎಂಎಂ ಪ್ರೊಜೆಕ್ಟರ್ ಮೊದಲಾದ ಹಳೆಯ ವಸ್ತುಗಳ ಹೊಸ ಮುದ್ರಣಗಳಿಗೆ ಫ್ರೀಸೌಂಡ್‌ನಷ್ಟು ಸಮೃದ್ಧ ಜಾಗ ಇನ್ನೊಂದಿಲ್ಲ. ತೊಂದರೆಯೆಂದರೆ ಯಾರೋ ಟಿವಿಯಿಂದ ಎತ್ತಿದ ತುಣುಕನ್ನು ತಮ್ಮದೆಂದು ಹಾಕಿರುವುದೂ ಉಂಟು. ತನ್ನದಲ್ಲದ ವಸ್ತುವಿಗೆ ಯಾರೂ ಪರವಾನಗಿ ಕೊಡಲಾರರು. ಮುದ್ರಿಸಿದ ಮೈಕು, ಸ್ಥಳ, ದಿನದ ವಿವರ ಬರೆದಿರುವವರ ಸದ್ದನ್ನು ನಂಬುವುದು, ಬರಿ ಶೀರ್ಷಿಕೆ ಇರುವುದನ್ನು ಬಿಡುವುದು ಒಳ್ಳೆಯ ಅಭ್ಯಾಸ.

ಇಂಟರ್‌ನೆಟ್ ಆರ್ಕೈವ್ 1996ರಲ್ಲಿ ಬ್ರೂಸ್ಟರ್ ಕಾಲ್ ಕಟ್ಟಿದ ಮಹಾ ಗ್ರಂಥಾಲಯ. ಹಳೆಯ ರೇಡಿಯೊ ಕಾರ್ಯಕ್ರಮ, 78 ಆರ್‌ಪಿಎಂ ತಟ್ಟೆಗಳು, ಜಾಹೀರಾತು ಚಿತ್ರಗಳು ಅಲ್ಲಿ ಗುಡ್ಡೆ ಬಿದ್ದಿವೆ. ರಿಕ್ ಪ್ರೆಲಿಂಗರ್ 1982ರಿಂದ ಕೂಡಿಟ್ಟ ಕೈಗಾರಿಕಾ ಚಿತ್ರ, ಶಾಲಾ ಚಿತ್ರ, ಪ್ರಚಾರಚಿತ್ರಗಳ ಸಂಗ್ರಹ ವಿಶೇಷವಾಗಿ ಉಪಯುಕ್ತ. ಅವುಗಳ ಧ್ವನಿಪಟದಲ್ಲಿ 1940-50ರ ದಶಕಗಳ ಕಾರ್ಖಾನೆ, ರಸ್ತೆ, ಕಚೇರಿಗಳ ಸದ್ದು ಇದೆ. ಆದರೆ ಆರ್ಕೈವ್ ಸ್ವತಃ ಹಕ್ಕಿನ ಖಾತರಿ ಕೊಡುವುದಿಲ್ಲ.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2011ರಲ್ಲಿ ತೆರೆದ ‘ನ್ಯಾಷನಲ್ ಜ್ಯೂಕ್‌ಬಾಕ್ಸ್’, ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಮೇಣದ ಉರುಳೆಗಳ ಸಂಗ್ರಹ, ಎರಡರಲ್ಲೂ ಹತ್ತು ಸಾವಿರಕ್ಕೂ ಮೀರಿ ಮುದ್ರಣಗಳಿವೆ. ಹೆಚ್ಚಿನವು ಹಾಡುಗಳು. ನಡುವೆ ಹಕ್ಕಿಯ ಅನುಕರಣೆ, ರೈಲು ಹೊರಡುವ ಅಣಕು ಸದ್ದಿನ ಪ್ರಹಸನಗಳೂ ಸಿಗುತ್ತವೆ. ನಾಸಾ ತನ್ನ ಅಂತರಿಕ್ಷ ಯಾನಗಳ ಧ್ವನಿಗಳನ್ನು ಪ್ರಕಟಿಸುತ್ತದೆ. ಅಮೆರಿಕದ ಕೇಂದ್ರ ಸರ್ಕಾರದ ನೌಕರರು ಕರ್ತವ್ಯದಲ್ಲಿ ತಯಾರಿಸಿದ ಕೃತಿಗಳಿಗೆ ಆ ದೇಶದಲ್ಲಿ ಹಕ್ಕುಸ್ವಾಮ್ಯವಿಲ್ಲದ ಕಾರಣ ಅಪೊಲೊ ಯಾನದ ಸಂಭಾಷಣೆಗಳು ಸಾಮಾನ್ಯವಾಗಿ ಮುಕ್ತ.

ಕಡಿಮೆ ಜನಕ್ಕೆ ಗೊತ್ತಿರುವ ಒಂದು ಭಂಡಾರವನ್ನು ಇಲ್ಲಿ ಎತ್ತಿ ಹೇಳಬೇಕು. ಯುರೋಪಿನ ಆರು ವಸ್ತುಸಂಗ್ರಹಾಲಯಗಳು 2013ರಿಂದ 2015ರವರೆಗೆ ‘ವರ್ಕ್ ವಿತ್ ಸೌಂಡ್ಸ್’ ಎಂಬ ಯೋಜನೆಯಲ್ಲಿ ಕೈಗಾರಿಕಾ ಯುಗದ ಮರೆಯಾಗುತ್ತಿರುವ ಸದ್ದುಗಳನ್ನು ಮುದ್ರಿಸಿದವು. ಮಗ್ಗ, ಅಚ್ಚುಯಂತ್ರ, ಉಗಿ ಎಂಜಿನ್, ಕಮ್ಮಾರನ ಸುತ್ತಿಗೆ ಎಲ್ಲವನ್ನೂ ನಿಜವಾಗಿ ನಡೆಸಿ, ವಿಡಿಯೊ ಸಮೇತ ದಾಖಲಿಸಿದ 600ಕ್ಕೂ ಹೆಚ್ಚು ಮುದ್ರಣಗಳು ಹೆಸರು ಹಾಕುವ ಷರತ್ತಿನ ಮೇಲೆ ಮುಕ್ತವಾಗಿವೆ. ವಿಕಿಮೀಡಿಯ ಕಾಮನ್ಸ್‌ನಲ್ಲೂ ಸಿಗುತ್ತವೆ. ಸಂಖ್ಯೆ ಚಿಕ್ಕದಾದರೂ ಯಾವ ಯಂತ್ರ, ಯಾವ ವರ್ಷ, ಏನು ಕೆಲಸ ಎಂದು ಇಷ್ಟು ನಿಚ್ಚಳವಾಗಿ ಹೇಳುವ ಸಂಗ್ರಹ ಬೇರೆ ಸಿಗುವುದು ಕಷ್ಟ.

ಯಾರ ಸದ್ದು?

ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಕರ್ತೃ ಅದರ ನಿರ್ಮಾಪಕ. ಮೊದಲು ಪ್ರಕಟವಾದ ವರ್ಷ ಮುಗಿದ ಮೇಲೆ 60 ವರ್ಷ ಆ ಹಕ್ಕು ನಡೆಯುತ್ತದೆ. ಮೊದಲು 50 ಇದ್ದದ್ದನ್ನು 1992ರ ತಿದ್ದುಪಡಿ 60ಕ್ಕೆ ಏರಿಸಿತು. ಆ ಲೆಕ್ಕದಲ್ಲಿ ಇಲ್ಲಿ 1965ರಲ್ಲಿ ಪ್ರಕಟವಾದ ಮುದ್ರಣದ ಹಕ್ಕು 2025ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ.

ಹಾಡಿಗೂ ಸದ್ದಿಗೂ ಇರುವ ದೊಡ್ಡ ವ್ಯತ್ಯಾಸ ಈ ಹಂತದಲ್ಲಿ ವಿದ್ಯಾರ್ಥಿಯ ಪರವಾಗಿ ನಿಲ್ಲುತ್ತದೆ. ಒಂದು ಹಳೆಯ ಹಾಡಿನ ತಟ್ಟೆಯಲ್ಲಿ ಮುದ್ರಣದ ಹಕ್ಕಲ್ಲದೆ ಸಾಹಿತ್ಯದ ಹಕ್ಕು, ಸಂಗೀತದ ಹಕ್ಕು ಬೇರೆ ಬೇರೆಯಾಗಿ ಇರುತ್ತವೆ. ಅವು ಕವಿಯ ಮತ್ತು ಸಂಗೀತಗಾರರ ಮರಣಾನಂತರ 60 ವರ್ಷ ನಡೆಯುತ್ತವೆ. ಬಾಗಿಲು ಕಿರುಗುಟ್ಟುವ ಸದ್ದಿಗೆ ಕವಿಯೂ ಇಲ್ಲ, ಸಂಗೀತ ನಿರ್ದೇಶಕನೂ ಇಲ್ಲ. ಮುದ್ರಣದ ಹಕ್ಕು ಒಂದು ತೀರಿದರೆ ಎಲ್ಲವೂ ತೀರಿತು. ಆದ್ದರಿಂದಲೇ ಆಕಾಶವಾಣಿಯ ಬೆಳಗಿನ ಸಂಕೇತ ರಾಗವನ್ನು ಹಳೆಯ ಕಾಲದ ಒಂದು ಸದ್ದು ಎಂದು ಎತ್ತಿಕೊಳ್ಳುವುದು ತಪ್ಪಾಗುತ್ತದೆ. ಅದು ವಾಲ್ಟರ್ ಕೌಫ್‌ಮನ್ ರಚಿಸಿದ ಸಂಗೀತ, ಅದರ ಲೆಕ್ಕ ಬೇರೆ.

ಬೇರೆ ದೇಶಗಳ ಗಡುವು ಬೇರೆ. ಬ್ರಿಟನ್ನಿನಲ್ಲಿ 1962ರ ಕೊನೆಯವರೆಗೆ ಪ್ರಕಟವಾದ ಮುದ್ರಣಗಳ ಹಕ್ಕು ಮುಗಿದಿದೆ. ನಂತರದವುಗಳಿಗೆ ಅವಧಿ 50ರಿಂದ 70 ವರ್ಷಕ್ಕೆ ಏರಿತು. ಅಮೆರಿಕದ ನಿಯಮ ಎಲ್ಲಕ್ಕಿಂತ ಬಿಗಿ. ಅಲ್ಲಿ 1923ಕ್ಕಿಂತ ಮೊದಲಿನ ಧ್ವನಿಮುದ್ರಣಗಳು ಸಾರ್ವಜನಿಕ ಸ್ವತ್ತಾದದ್ದು 2022ರ ಜನವರಿ 1ರಂದು, 2018ರ ಸಂಗೀತ ಆಧುನೀಕರಣ ಕಾಯ್ದೆಯ ಫಲವಾಗಿ. 1957ರಿಂದ 1972ರ ಫೆಬ್ರವರಿಯ ನಡುವಿನ ತಟ್ಟೆಗಳು 2067ರವರೆಗೆ ಕಾಯಬೇಕು. 1960ರ ದಶಕದಲ್ಲಿ ಎಲೆಕ್ಟ್ರಾ ಕಂಪನಿ ಹೊರತಂದ ಸೊಗಸಾದ ಎಫೆಕ್ಟ್ಸ್ ತಟ್ಟೆಗಳು ಹಳೆಯವಾಗಿ ಕಂಡರೂ ಅಲ್ಲಿ ಮುಕ್ತವಲ್ಲ. ಚಿತ್ರಗಳಿಗೆ ಮತ್ತೆ ಬೇರೆ ನಿಯಮ. ಸದ್ದು ಹೊಂದಿಸಿದ 1928ರ ಮಿಕಿ ಮೌಸ್ ಚಿತ್ರ ‘ಸ್ಟೀಮ್‌ಬೋಟ್ ವಿಲ್ಲಿ’ ಅಮೆರಿಕದಲ್ಲಿ 2024ರಲ್ಲೇ ಮುಕ್ತವಾಯಿತು.

ನಮ್ಮ ಕಾಯ್ದೆಯ 52ನೆಯ ಕಲಮು ಪಾಠದ ಸಂದರ್ಭದಲ್ಲಿ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಕೃತಿಗಳನ್ನು ಪ್ರತಿ ಮಾಡಿ ಬಳಸುವುದಕ್ಕೆ ವಿನಾಯಿತಿ ಕೊಡುತ್ತದೆ. ಅಭ್ಯಾಸದ ಕೆಲಸಕ್ಕೆ ಇದು ಆಸರೆ. ಯೂಟ್ಯೂಬಿಗೆ ಏರಿಸಿದ ಗಳಿಗೆಯಿಂದ ಅದು ತರಗತಿಯ ಕೆಲಸವಾಗಿ ಉಳಿಯುವುದಿಲ್ಲ. ಯೂಟ್ಯೂಬಿನ ಸ್ವಯಂಚಾಲಿತ ಪತ್ತೆವ್ಯವಸ್ಥೆ ಮುಕ್ತ ಸದ್ದಿನ ಮೇಲೂ ಯಾರದೋ ಹಕ್ಕನ್ನು ತಪ್ಪಾಗಿ ಸಾರುವುದುಂಟು. ಆಗ ಉತ್ತರಿಸಲು ದಾಖಲೆ ಕೈಯಲ್ಲಿರಬೇಕು. ಇಳಿಸಿಕೊಂಡ ದಿನವೇ ಸದ್ದಿನ ಹೆಸರು, ಮುದ್ರಿಸಿದವರು, ತಾಣ, ಪರವಾನಗಿ, ದಿನಾಂಕ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಪರವಾನಗಿಯ ಪುಟದ ಚಿತ್ರ ತೆಗೆದಿಡಬೇಕು. ಚಿತ್ರದ ಕೊನೆಯ ಹೆಸರುಪಟ್ಟಿಗೂ ಅದೇ ಹಾಳೆ ಒದಗುತ್ತದೆ.

ಸದ್ದಿಗೂ ಊರುಂಟು

ಹಕ್ಕಿನ ವಿಚಾರದಲ್ಲಿ ಎಚ್ಚರ ವಹಿಸುವವರೂ ಸದ್ದಿನ ಊರನ್ನು ಮರೆಯುತ್ತಾರೆ. ವಿದ್ಯಾರ್ಥಿಗಳ ಚಿತ್ರಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು, ವೃತ್ತಿಪರ ಚಿತ್ರಗಳಲ್ಲೂ ಅಪರೂಪವಲ್ಲ.

ಟೆಲಿಫೋನ್ ಗಂಟೆಯನ್ನೇ ನೋಡಬಹುದು. ಅಮೆರಿಕದಲ್ಲಿ ಗಂಟೆ ಎರಡು ಸೆಕೆಂಡ್ ಒಂದೇ ಸಮನೆ ಮೊಳಗಿ ನಾಲ್ಕು ಸೆಕೆಂಡ್ ಸುಮ್ಮನಾಗುತ್ತದೆ. ಬ್ರಿಟನ್ನಿನಲ್ಲಿ ಅದು ಜೋಡಿಗಂಟೆ: 0.4 ಸೆಕೆಂಡ್ ಮೊಳಗು, 0.2 ಬಿಡುವು, ಮತ್ತೆ 0.4 ಮೊಳಗು, ಆಮೇಲೆ ಎರಡು ಸೆಕೆಂಡ್ ಮೌನ. ಭಾರತ ಅನುಸರಿಸಿದ್ದು ಬ್ರಿಟಿಷ್ ಪದ್ಧತಿಯನ್ನು. ನಮ್ಮ ಮಕ್ಕಳು ಟೆಲಿಫೋನ್ ಆಟ ಆಡುವಾಗ ‘ಟ್ರಿಣ್ ಟ್ರಿಣ್’ ಎಂದು ಎರಡು ಸಲ ಹೇಳುವುದು ಸುಮ್ಮನೆ ಅಲ್ಲ. 1960ರ ಮೈಸೂರಿನ ಒಂದು ಮನೆಯ ಕಥೆಗೆ ಹಾಲಿವುಡ್ ಭಂಡಾರದ ಉದ್ದ ಗಂಟೆ ಹಚ್ಚಿದರೆ, ಆ ಗಂಟೆ ಕೇಳಿ ಬೆಳೆದ ಪ್ರೇಕ್ಷಕರಿಗೆ ಏನೋ ತಪ್ಪಿದೆ ಎಂದು ಕೂಡಲೇ ಹೊಳೆಯುತ್ತದೆ. ಬಿಬಿಸಿ ಸಂಗ್ರಹದ ಗಂಟೆ ಅಲ್ಲಿ ಸರಿಹೊಂದುತ್ತದೆ.

ಕಪ್ಪೆಯ ಕಥೆ ಇನ್ನೂ ಸ್ವಾರಸ್ಯದ್ದು. ‘ರಿಬಿಟ್, ರಿಬಿಟ್’ ಎಂದು ಜಗತ್ತಿನ ಚಿತ್ರಗಳಲ್ಲೆಲ್ಲ ಕೂಗುವ ಕಪ್ಪೆ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಒಂದು ಮರಗಪ್ಪೆ. ಹಾಲಿವುಡ್ ಸ್ಟುಡಿಯೊಗಳ ನೆರೆಯಲ್ಲೇ ಇದ್ದುದರಿಂದ ಮೈಕಿಗೆ ಸಿಕ್ಕಿತು, ಭಂಡಾರ ಸೇರಿತು, ಎಲ್ಲ ದೇಶಗಳ ಕೆರೆದಂಡೆಗೂ ಹೋಯಿತು. ಮಲೆನಾಡಿನ ಮಳೆರಾತ್ರಿಯಲ್ಲಿ ಆ ಕಪ್ಪೆ ಇಲ್ಲ. ಆಸ್ಟ್ರೇಲಿಯದ ಕೂಕಬುರ ಹಕ್ಕಿಯ ನಗು ಟಾರ್ಜನ್ ಚಿತ್ರಗಳ ಮೂಲಕ ಆಫ್ರಿಕದ ಕಾಡಿಗೆ ಸೇರಿದ್ದೂ ಹೀಗೆಯೇ. ಕುದುರೆಯ ವಿಷಯದಲ್ಲೂ ಎಚ್ಚರ ಬೇಕು. ಲಂಡನ್ನಿನ ಕಲ್ಲುಹಾಸಿನ ಮೇಲೆ ಓಡುವ ಜೋಡಿಕುದುರೆಯ ಸಾರೋಟಿಗೂ ಒಂಟಿ ಕುದುರೆಯ ಜಟಕಾಗೂ ಗೊರಸಿನ ತಾಳವೇ ಬೇರೆ. ಜಟಕಾ ಬೇಕಾದವರು ಎರಡು ಕರಟ ಹಿಡಿದು ಮಣ್ಣು ತುಂಬಿದ ತಟ್ಟೆಯ ಮೇಲೆ ತಾವೇ ನುಡಿಸುವುದು ಮೇಲು. ಮೊರದಲ್ಲಿ ಸಾಸಿವೆ ಹೊರಳಿಸಿದರೆ ಹಂಚಿನ ಮೇಲಿನ ತೆಳು ಮಳೆ, ತಗಡಿನ ಹಾಳೆ ಅಲುಗಿಸಿದರೆ ಗುಡುಗು. ಹೀಗೆ ನೀವೇ ಮಾಡಿದ ಸದ್ದಿನ ಹಕ್ಕು ಪೂರ್ತಿ ನಿಮ್ಮದು.

ಹೊಂದಿಸುವ ಕೆಲಸ

ಸ್ವಚ್ಛವಾದ ಹೊಸ ಸದ್ದನ್ನು ಹಳೆಯದಾಗಿ ಕೇಳಿಸುವುದು ಕಷ್ಟವಲ್ಲ. 2000ದಲ್ಲಿ ಬಿಡುಗಡೆಯಾದ ಆಡಾಸಿಟಿ ಎಂಬ ಮುಕ್ತ ತಂತ್ರಾಂಶ ಇದಕ್ಕೆ ಸಾಕು. ಹಳೆಯ ಟೆಲಿಫೋನ್ ಮೂಲಕ ಬರುವ ಧ್ವನಿಗೆ 300ರಿಂದ 3,400 ಹರ್ಟ್ಸ್‌ವರೆಗಿನ ಭಾಗವನ್ನಷ್ಟೇ ಉಳಿಸಬೇಕು. ಮೈಕಿಲ್ಲದ ಕಾಲದ ತಟ್ಟೆಯಂತೆ ಕೇಳಬೇಕಾದರೆ ಸುಮಾರು 250ರಿಂದ 2,500 ಹರ್ಟ್ಸ್. ತಟ್ಟೆಯ ಮೇಲಿನ ಗೀರಿನ ‘ಟಿಕ್’ ಸದ್ದು ಸೇರಿಸುವವರು ಒಂದು ಲೆಕ್ಕ ಇಡಬೇಕು: ನಿಮಿಷಕ್ಕೆ 78 ಸುತ್ತಿನ ತಟ್ಟೆಯಲ್ಲಿ ಒಂದೇ ಗೀರು 0.77 ಸೆಕೆಂಡಿಗೊಮ್ಮೆ ಬರುತ್ತದೆ. ಎಲ್‌ಪಿಯಲ್ಲಿ ಅದು 1.8 ಸೆಕೆಂಡಿಗೊಮ್ಮೆ. 1930ರ ದೃಶ್ಯಕ್ಕೆ ಎಲ್‌ಪಿಯ ಗೀರು ಹಾಕಬಾರದು. 33 ಸುತ್ತಿನ ಎಲ್‌ಪಿ ಮಾರುಕಟ್ಟೆಗೆ ಬಂದದ್ದು 1948ರಲ್ಲಿ.

ನಿಜವಾದ ಹಳೆಯ ಮುದ್ರಣವನ್ನು ಮಾತ್ರ ಅತಿಯಾಗಿ ತೊಳೆಯಬಾರದು. ‘ಹಿಸ್’ ಎಂಬ ಹಿನ್ನೆಲೆಯ ಸುಯ್‌ಗುಡುವಿಕೆಯನ್ನು ತೆಗೆಯುವ ಉಪಕರಣಗಳು ಸದ್ದಿನ ಅಂಚನ್ನೂ ಕೂಡಿ ತಿಂದುಬಿಡುತ್ತವೆ. ಆ ಸುಯ್‌ಗುಡುವಿಕೆ ಇರುವುದರಿಂದಲೇ ಅದು 1930ರದು ಎಂದು ಕಿವಿ ನಂಬುತ್ತದೆ.

ಕನ್ನಡದ ಸದ್ದುಗಳು

ಕನ್ನಡನಾಡಿನ ಹಳೆಯ ಸದ್ದು ಹುಡುಕುವವರಿಗೆ ದೊಡ್ಡ ಕೊರತೆ ಕಾಡುತ್ತದೆ. 1934ರಲ್ಲಿ ತೆರೆಗೆ ಬಂದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿ ಉಳಿದಿಲ್ಲ. 1931ರ ‘ಆಲಂ ಆರಾ’ದ್ದೂ ಅದೇ ಗತಿ. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ಹೆಸರಿನಲ್ಲಿ ಬಾನುಲಿ ಪ್ರಸಾರ ಆರಂಭಿಸಿದರು. ಆ ಹೆಸರನ್ನೇ ಮುಂದೆ ಇಡೀ ದೇಶದ ರೇಡಿಯೊ ಇಟ್ಟುಕೊಂಡಿತು. ಅಂದಿನ ಸ್ಟುಡಿಯೊದ ಸದ್ದು ಹೇಗಿತ್ತು ಎಂದು ಇಂದಿನ ವಿದ್ಯಾರ್ಥಿ ಒಂದು ಗುಂಡಿ ಒತ್ತಿ ಕೇಳುವಂತಿಲ್ಲ. ಹಾಡು, ಭಾಷಣಗಳನ್ನು ಉಳಿಸಲು ನಾವು ತೋರಿದ ಕಾಳಜಿಯನ್ನು ರಾಗಿಕಲ್ಲಿನ ಗರಗರ, ಏತದ ಕೀಚು, ಕೈಮಗ್ಗದ ಲಟಪಟ, ಗಿರಣಿಯ ಸೈರನ್, ಮೊಳೆ ಜೋಡಿಸಿ ಅಚ್ಚು ಹಾಕುವ ಟ್ರೆಡಲ್ ಯಂತ್ರದ ಸದ್ದುಗಳಿಗೆ ತೋರಲಿಲ್ಲ. ಇವುಗಳಲ್ಲಿ ಕೆಲವು ಇನ್ನೂ ಅಲ್ಲಲ್ಲಿ ಕೇಳಿಸುತ್ತವೆ. ಮಾಧ್ಯಮ ವಿಭಾಗವಿರುವ ಪ್ರತಿ ಕಾಲೇಜೂ ವರ್ಷಕ್ಕೆ ಹತ್ತು ಸದ್ದನ್ನು ಊರು, ಯಂತ್ರ, ದಿನಾಂಕದ ವಿವರದೊಂದಿಗೆ ಕನ್ನಡದಲ್ಲೇ ಹೆಸರಿಟ್ಟು ವಿಕಿಮೀಡಿಯ ಕಾಮನ್ಸ್‌ಗೆ ಸೇರಿಸಬೇಕು. ಮೊಬೈಲ್ ಫೋನು ಮತ್ತು ಗಾಳಿಯನ್ನು ತಡೆಯಲು ಒಂದು ತುಂಡು ಬಟ್ಟೆ ಇದ್ದರೆ ಆರಂಭಿಸಬಹುದು. ಬಳಸುವವರಷ್ಟೇ ಆಗಿರುವ ನಾವು ಕೊಡುವವರೂ ಆಗಬೇಕಾದ ಕಾಲ ಇದು.

ಈಗಾಗಲೇ ಮುದ್ರಣಗೊಂಡು ಪ್ರಕಟವಾಗಿರುವ ಭಾರತದ ತಟ್ಟೆಗಳು ಮಾತ್ರ ವರ್ಷ ವರ್ಷವೂ ತಾವಾಗಿ ಸಾರ್ವಜನಿಕರ ಕೈ ಸೇರುತ್ತಿವೆ. 1966ರಲ್ಲಿ ಇಲ್ಲಿ ಪ್ರಕಟವಾದ ಧ್ವನಿಮುದ್ರಣಗಳ ಸರದಿ 2027ರ ಜನವರಿ 1ರಂದು.